ಹೊಲ ನೀರಿನಲ್ಲಿದ್ದರೂ ಚರಗ ತಪ್ಪಬೇಕಿಲ್ಲ

ಬಾಗಲಕೋಟೆಯ ನವನಗರದಲ್ಲಿ ಎಳ್ಳ ಅಮಾವಾಸ್ಯೆ ಬಂತೆಂದರೆ ನಮ್ಮಂಥವರಿಗೆ ಪೇಚಾಟ. ಹಬ್ಬ ನಡೆಯುವುದು ಹೊಲದಲ್ಲಿ. ನಮ್ಮ ಹೊಲವಿರುವುದು ಹಿನ್ನೀರಿನ ಅಡಿಯಲ್ಲಿ. ಆಲಮಟ್ಟಿ ಅಣೆಕಟ್ಟು ತುಂಬಿ ನೀರು 519.60 ಮೀಟರ್ ಮುಟ್ಟಿದರೆ ಬದುವಿನ ಗುರುತೂ ಸಿಗುವುದಿಲ್ಲ. ಎತ್ತಿಲ್ಲ, ಬಂಡಿಯಿಲ್ಲ, ಅವ್ವನಿಗೆ ಮೊಣಕಾಲು ನೋವು, ತಮ್ಮ ಪುಣೆಯಲ್ಲಿ. ನಾಲ್ಕಾರು ವರ್ಷ ಎಡವಿ ಕಲಿತದ್ದನ್ನು ಹೇಳುತ್ತೇನೆ.

ಮೂರು ವಾರ ಮೊದಲೇ ಮನೆಯ ಹಿರಿಯರನ್ನು ಕೇಳಿ: ಯಾವುದು ತಪ್ಪಿದರೆ ಹಬ್ಬ ಆಗಲಿಲ್ಲವೆನಿಸುತ್ತದೆ? ಹೋಳಿಗೆ ಎನ್ನಬಹುದು ಎಂದುಕೊಂಡಿದ್ದೆ. ‘ಭೂಮಿತಾಯಿಗೆ ಉಣಿಸದೆ ನಾವು ಉಣ್ಣಬಾರದು’ ಎಂದಳು ಅವ್ವ. ಅಲ್ಲಿಗೆ ಲೆಕ್ಕ ಸುಲಭವಾಯಿತು. ಚರಗ, ಅಂದರೆ ಅಡುಗೆಯನ್ನು ಹೊಲದಲ್ಲಿ ಚೆಲ್ಲಿ ಭೂಮಿತಾಯಿಗೆ ಉಣಿಸುವುದು, ಉಳಿಯಬೇಕು; ಮಿಕ್ಕದ್ದನ್ನು ಮೊಟಕು ಮಾಡಬಹುದು. ಅದೇ ದಿನ ದೊಡ್ಡ ಕುಂಡದಲ್ಲಿ ಒಂದು ಹಿಡಿ ಜೋಳ ಬಿತ್ತಿ. ಹಬ್ಬದ ಹೊತ್ತಿಗೆ ಅದೇ ನಿಮ್ಮ ಹೊಲ.

ಅಡುಗೆಯನ್ನು ಎರಡು ಪಾಲು ಮಾಡಿ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಅಗಸಿ ಹಿಂಡಿ ವಾರ ಮೊದಲೇ ಆಗುವಂಥವು. ಸಜ್ಜೆ ಹಿಟ್ಟು ಬೇಗ ಕಹಿಯಾಗುತ್ತದೆ, ಆಗಿಂದಾಗಲೇ ಬೀಸಿಸಿ ತನ್ನಿ. ಕುದಿಯುವ ಎಸರು ಹಾಕಿ ನಾದಿ, ತೆಳ್ಳಗೆ ಬಡಿದು, ಮೇಲೆ ಎಳ್ಳು ಉದುರಿಸಿ ಅಂಗೈಯಿಂದ ಒತ್ತಿ. ಹಂಚಿನ ಮೇಲೆ ಹಾಕಿ ಒದ್ದೆ ಬಟ್ಟೆ ಸವರಿ, ಎಳ್ಳು ಉದುರುವುದಿಲ್ಲ. ಬೆಂದ ಮೇಲೆ ಸಣ್ಣ ಉರಿಯಲ್ಲಿ ಬಟ್ಟೆಯ ಉಂಡೆಯಿಂದ ಒತ್ತುತ್ತ ಹೋದರೆ ಹಪ್ಪಳದಂತೆ ಕಟಕಟ ಎನ್ನುತ್ತದೆ. ಕೈಯಲ್ಲಾಗದಿದ್ದರೆ ಅಂಗಡಿಯಿಂದ ತನ್ನಿ, ನಾಚಿಕೆ ಬೇಡ. ಬದನೆಕಾಯಿ ಎಣ್ಣೆಗಾಯಿ, ಕಡುಬು, ಮೊಸರನ್ನ ಮಾತ್ರ ಅಂದಿನವು. ಪುಂಡಿಪಲ್ಯವನ್ನು ನಾವು ಕೈಬಿಟ್ಟೆವು. ಅವ್ವ ಇನ್ನೂ ಗೊಣಗುತ್ತಾಳೆ.

ದೂರದವರಿಗೆ ಬಸ್ ಪಾರ್ಸೆಲ್‌ನಲ್ಲಿ ಕಳಿಸುವುದಾದರೆ ರೊಟ್ಟಿಗೆ ಸ್ಟೀಲ್ ಡಬ್ಬಿಯೇ ಬೇಕು. ರಟ್ಟಿನ ಪೆಟ್ಟಿಗೆಯಲ್ಲಿ ಕಳಿಸಿದ ವರ್ಷ ತಮ್ಮ ಪುಡಿಯನ್ನು ಮೊಸರಿನಲ್ಲಿ ಕಲಸಿ ತಿಂದ.

ಪರಿಚಿತರ ಹೊಲವಿದ್ದರೆ ಕೇಳಿಕೊಂಡು ಹೋಗಿ. ಬದುವಿನ ಮೇಲೆಯೇ ನಡೆಯಿರಿ, ಅವರಿಗೂ ಒಂದು ಬುತ್ತಿ ಒಯ್ಯಿರಿ. ಇಲ್ಲವಾದರೆ ಮಹಡಿಯ ಕುಂಡ. ಪೈರಿನ ಬುಡದಲ್ಲಿ ಐದು ಕಲ್ಲುಗಳಿಗೆ ಸುಣ್ಣ ಬಳಿದು ಕುಂಕುಮವಿಟ್ಟು ಪಾಂಡವರೆಂದು ಪೂಜಿಸಿ. ಎಲ್ಲ ಅಡುಗೆಯಿಂದ ಚೂರು ಚೂರು ತೆಗೆದು ಕಲಸಿ, ಒಬ್ಬರು ಚೆಲ್ಲುತ್ತ, ಇನ್ನೊಬ್ಬರು ಹಿಂದೆಯೇ ನೀರು ಚಿಮುಕಿಸುತ್ತ ಸುತ್ತು ಬನ್ನಿ. ಕುಂಡಕ್ಕೆ ಐದು ತುತ್ತು ಸಾಕು; ನಾವು ಮೊದಲ ವರ್ಷ ತಟ್ಟೆ ತುಂಬ ಸುರಿದು ಇಲಿಗಳಿಗೆ ಔತಣ ಕೊಟ್ಟೆವು. ‘ಹುಲ್ಲುಲ್ಲಿಗೋ’ ಎಂದು ಗಟ್ಟಿಯಾಗಿ ಕೂಗಿ. ಅಕ್ಕಪಕ್ಕದವರು ಇಣುಕಿದರೆ ಇಣುಕಲಿ. ಆ ಕೂಗಿನ ಹೊತ್ತಿಗೇ ದೂರದವರಿಗೆ ವಿಡಿಯೊ ಕರೆ ಮಾಡಿ, ಪೂಜೆ ಪೂರ್ತಿ ತೋರಿಸುತ್ತ ಕೂರಬೇಡಿ. ರಜೆ ಸಿಗದಿದ್ದರೆ ಎಲ್ಲರೂ ಕೂಡಿ ಉಣ್ಣುವುದನ್ನು ಭಾನುವಾರಕ್ಕೆ ಹಾಕಬಹುದು. ಚರಗ ಮಾತ್ರ ಅಮಾವಾಸ್ಯೆಯಂದೇ ಆಗಲಿ ಎಂಬುದು ನನ್ನ ಹಟ.

ಕಲ್ಲುಗಳ ಮಾತು ಉಳಿಯಿತು. ಅವನ್ನು ಬೇಸಿಗೆಯಲ್ಲೇ ತಂದಿಟ್ಟುಕೊಳ್ಳಬೇಕು. ಮೇ ತಿಂಗಳಲ್ಲಿ ಹಿನ್ನೀರು ಸರಿದಾಗ ಮುಳುಗಿದ ಹೊಲಗಳು ಕೆಲವು ವಾರ ಮೇಲೇಳುತ್ತವೆ. ಕೆಸರಿರುತ್ತದೆ, ಒಬ್ಬರೇ ಹೋಗಬೇಡಿ. ನಾವು ಅವ್ವನನ್ನು ರಸ್ತೆಯ ಬದಿಯಲ್ಲಿ ಕುರ್ಚಿ ಹಾಕಿ ಕೂರಿಸಿದ್ದೆವು. ಬಿರುಕು ಬಿಟ್ಟ ಎರೆಮಣ್ಣಿನಲ್ಲಿ ಅಲ್ಲಿಂದಲೇ ಕೈ ತೋರಿಸಿ, ಇನ್ನೂ ಎಡಕ್ಕೆ, ಇನ್ನೂ ಎಡಕ್ಕೆ, ಅದು ನಮ್ಮದಲ್ಲ, ಅದರಾಚೆಯದು ಎಂದು ಕೂಗುತ್ತ ಐದನ್ನೂ ಆರಿಸಿ ತರಿಸಿದಳು.