ನೆಟ್‌ಬಾಲ್ ಆಟಗಾರ್ತಿಯರನ್ನು ಬೆಳೆಸುವುದು ಹೇಗೆ? ಮೊದಲು ಕಾಲು, ಆಮೇಲೆ ರಿಂಗ್

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಯಾವ ಶಾಲೆಗೆ ಹೋದರೂ ಥ್ರೋಬಾಲ್ ಆಡುವ ಹುಡುಗಿಯರು ಸಿಗುತ್ತಾರೆ. ಖೋ ಖೋ ಆಡುವವರಿಗಂತೂ ಬರವಿಲ್ಲ. ಚೆಂಡನ್ನು ಕೈಯಿಂದ ಕೈಗೆ ಎಸೆಯುತ್ತಾ ಹೋಗಿ ಕಂಬದ ಮೇಲಿನ ರಿಂಗ್‌ನೊಳಗೆ ಹಾಕುವ ನೆಟ್‌ಬಾಲ್ ಆಡುವವರು ಮಾತ್ರ ಕಡಿಮೆ. ಕಲಿಸುವ ಆಸೆ ಇರುವ ದೈಹಿಕ ಶಿಕ್ಷಕರು, ಮಗಳನ್ನು ಆಟಕ್ಕೆ ಕಳಿಸಲು ಮನಸ್ಸಿರುವ ತಂದೆ ತಾಯಿ ಕೇಳುವುದು ಎರಡೇ ಪ್ರಶ್ನೆ. ಎಲ್ಲಿಂದ ಶುರು ಮಾಡಬೇಕು? ಎಷ್ಟು ವರ್ಷ ಹಿಡಿಯುತ್ತದೆ?

ಎಂಟು ಒಂಬತ್ತು ವರ್ಷಕ್ಕೆ ಚೆಂಡು ಹಿಡಿದ ಹುಡುಗಿ ರಾಜ್ಯ ತಂಡದ ಆಯ್ಕೆಗೆ ನಿಲ್ಲುವಷ್ಟು ಗಟ್ಟಿಯಾಗಲು ಎಂಟು ಹತ್ತು ವರ್ಷ ಬೇಕು ಅಂದುಕೊಳ್ಳಿ. ಹೆಚ್ಚಿನ ಕಡೆ ಮೊದಲ ದಿನವೇ ಎಲ್ಲರನ್ನೂ ರಿಂಗ್ ಕೆಳಗೆ ಸಾಲಾಗಿ ನಿಲ್ಲಿಸಿ ಗೋಲು ಹಾಕಿಸುತ್ತಾರೆ. ಮಕ್ಕಳಿಗೂ ಅದೇ ಖುಷಿ. ಆದರೆ ಮೊದಲು ಕಲಿಸಬೇಕಾದದ್ದು ಜಿಗಿದು ಚೆಂಡು ಹಿಡಿದ ಮೇಲೆ ನೆಲಕ್ಕೆ ಹೇಗೆ ಇಳಿಯಬೇಕು ಎಂಬುದನ್ನು. ಇದು ತಪ್ಪಿದರೆ ಆಟವೂ ಕೆಡುತ್ತದೆ, ಮಂಡಿಯೂ ಕೆಡುತ್ತದೆ.

ಆಟದ ಕಟ್ಟು

ಒಂದು ತಂಡದಲ್ಲಿ 7 ಜನ. 15 ನಿಮಿಷದ ನಾಲ್ಕು ಅವಧಿ. ಚೆಂಡನ್ನು ಪುಟಿಸುತ್ತಾ ಓಡುವಂತಿಲ್ಲ. ಕೈಗೆ ಬಂದ ಚೆಂಡನ್ನು 3 ಸೆಕೆಂಡ್ ಒಳಗೆ ಎಸೆಯಬೇಕು. ಮೈ ತಾಗಿಸಿ ತಡೆಯುವಂತಿಲ್ಲ. ಅಂಕಣ ಮೂರು ಭಾಗವಾಗಿರುತ್ತದೆ. ಮಧ್ಯೆ ಯಾರೂ ಮುಟ್ಟದೆ ಒಂದು ಇಡೀ ಭಾಗವನ್ನು ದಾಟಿಸಿ ಎಸೆಯುವಂತಿಲ್ಲ. ರಿಂಗ್ ಹಿಂದೆ ಬಾಸ್ಕೆಟ್‌ಬಾಲ್‌ನಂತೆ ಹಲಗೆ ಇರುವುದಿಲ್ಲ. ಗೋಲು ಹಾಕುವ ಹಕ್ಕು ಗೋಲ್ ಶೂಟರ್ ಮತ್ತು ಗೋಲ್ ಅಟ್ಯಾಕ್ ಇಬ್ಬರಿಗೆ ಮಾತ್ರ. ಅದೂ ಗೋಲಿನ ಅರ್ಧವೃತ್ತದ ಒಳಗಿಂದಲೇ.

ಉಳಿದವರು ವಿಂಗ್ ಅಟ್ಯಾಕ್, ಸೆಂಟರ್, ವಿಂಗ್ ಡಿಫೆನ್ಸ್, ಗೋಲ್ ಡಿಫೆನ್ಸ್, ಗೋಲ್ ಕೀಪರ್. ಯಾರು ಎಲ್ಲಿವರೆಗೆ ಹೋಗಬಹುದು ಎಂಬುದಕ್ಕೆ ಗೆರೆ ಇದೆ. ಸೆಂಟರ್ ಎರಡೂ ಅರ್ಧವೃತ್ತ ಬಿಟ್ಟು ಎಲ್ಲ ಕಡೆ ಓಡಬಹುದು. ಗೋಲ್ ಶೂಟರ್ ತನ್ನ ದಾಳಿಯ ಭಾಗ ಬಿಟ್ಟು ಹೊರಗೆ ಬರುವಂತಿಲ್ಲ. ಯಾರ ಸ್ಥಾನ ಯಾವುದು ಅಂತ ತಿಳಿಯಲು ಎದೆ ಬೆನ್ನಿನ ಮೇಲೆ ಅಕ್ಷರ ಬರೆದ ಬಿಬ್ ಹಾಕುತ್ತಾರೆ.

ಅಂಕಣ, ಕಂಬ, ಚೆಂಡು

ಅಂಕಣದ ಉದ್ದ 30.5 ಮೀಟರ್, ಅಗಲ 15.25 ಮೀಟರ್. ಅಂದರೆ ಹತ್ತಿರ ಹತ್ತಿರ 100 ಅಡಿಗೆ 50 ಅಡಿ. ಉದ್ದವನ್ನು ಮೂರು ಸಮಭಾಗ ಮಾಡಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಿರಿ. ಗೋಲಿನ ಅರ್ಧವೃತ್ತಕ್ಕೆ 4.9 ಮೀಟರ್ ಹಗ್ಗ ತೆಗೆದುಕೊಳ್ಳಿ. ಹಿಂದಿನ ಗೆರೆಯ ನಡುವೆ ಮೊಳೆ ಹೊಡೆದು, ಹಗ್ಗ ಕಟ್ಟಿ ತಿರುಗಿಸಿದರೆ ಮುಗಿಯಿತು.

ನಮ್ಮ ಕಡೆ ನೆಲದ ಕಡೆ ಜಾಸ್ತಿ ಗಮನ ಬೇಕು. ಕಲಬುರಗಿ, ಯಾದಗಿರಿಯ ಎರೆಮಣ್ಣು ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಕಾಲು ಸಿಕ್ಕಿದರೆ ಹಿಮ್ಮಡಿಯ ಗಂಟು ಹೊರಳುವುದು ಖಂಡಿತ. ಗರಸು ಹಾಕಿಸಿ, ನೀರು ಹೊಡೆದು, ರೋಲರ್ ಎಳೆಸಿ. ಪಂಚಾಯಿತಿಯವರನ್ನು ಒಂದು ಟ್ರ್ಯಾಕ್ಟರ್ ಗರಸು ಕೇಳಲು ಸಂಕೋಚ ಬೇಡ. ಪೂರ್ತಿ ಅಂಕಣಕ್ಕೆ ಆಗದಿದ್ದರೆ ಒಂದು ಭಾಗಕ್ಕಾದರೂ ಹಾಕಿಸಿ. ಮೊದಲ ಮೂರು ವರ್ಷದ ಕಲಿಕೆಗೆ ಅಷ್ಟು ಜಾಗ ಸಾಕು.

ಕಂಬವನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. ದೊಡ್ಡವರಿಗೆ ರಿಂಗ್ 3.05 ಮೀಟರ್ ಎತ್ತರದಲ್ಲಿರಬೇಕು, ಒಳಗಿನ ಅಗಲ 38 ಸೆಂಟಿಮೀಟರ್. ಸಣ್ಣವರಿಗೆ 2.4 ಮೀಟರ್ ಸಾಕು. ಒಂದೇ ಕಂಬದಲ್ಲಿ ಎರಡೂ ಎತ್ತರಕ್ಕೆ ಬೋಲ್ಟ್ ತೂತು ಹಾಕಿಸಿದರೆ ಎರಡು ಕಂಬದ ಖರ್ಚು ಉಳಿಯುತ್ತದೆ. ಹಳೆಯ ಟ್ರ್ಯಾಕ್ಟರ್ ಟೈರಿನಲ್ಲಿ ಕಂಬ ನಿಲ್ಲಿಸಿ ಕಾಂಕ್ರೀಟ್ ತುಂಬಿಸಿ. ಕಂಬಕ್ಕೆ ಸುತ್ತಲೂ ದಪ್ಪ ಫೋಮ್ ಕಟ್ಟುವುದನ್ನು ಮರೆಯಬೇಡಿ.

ನೆಟ್‌ಬಾಲ್ ಚೆಂಡಿನ ಸುತ್ತಳತೆ 69ರಿಂದ 71 ಸೆಂಟಿಮೀಟರ್, ತೂಕ 400ರಿಂದ 450 ಗ್ರಾಂ. ಐದನೇ ಸೈಜಿನ ಫುಟ್‌ಬಾಲ್ ಅಳತೆಯೂ ಹೆಚ್ಚು ಕಡಿಮೆ ಇಷ್ಟೇ. ಚೆಂಡು ಸಾಲದಿದ್ದರೆ ಅದರಲ್ಲೇ ಪಾಸ್ ಅಭ್ಯಾಸ ಮಾಡಿಸಬಹುದು. ಸಣ್ಣ ಕೈಗಳಿಗೆ ನಾಲ್ಕನೇ ಸೈಜೇ ಇರಲಿ.

8ರಿಂದ 10 ವರ್ಷ: ಬಿಬ್ ಬೇಡ, ಸ್ಥಾನ ಬೇಡ

ಈ ವಯಸ್ಸಿನಲ್ಲಿ ವಾರಕ್ಕೆ ಎರಡು ದಿನ, 45 ನಿಮಿಷ ಸಾಕು. ಮುಟ್ಟಾಟ, ಕುಂಟೆಬಿಲ್ಲೆ, ಖೋ ಖೋ, ಚೆಂಡು ಹಿಡಿಯುವ ಆಟ. ಕುಂಟೆಬಿಲ್ಲೆಯನ್ನು ಸಣ್ಣದು ಅಂತ ತಿಳಿಯಬೇಡಿ. ಒಂಟಿ ಕಾಲಲ್ಲಿ ಇಳಿದು, ತೂಗಾಡದೆ ನಿಂತು, ಬಗ್ಗಿ ಬಿಲ್ಲೆ ಎತ್ತುವ ಹುಡುಗಿ ನೆಟ್‌ಬಾಲ್‌ನ ಮೊದಲ ಪಾಠ ಆಗಲೇ ಕಲಿತಿರುತ್ತಾಳೆ. ಚೆಂಡು ಕೈಯಲ್ಲಿದ್ದಾಗ ಯೋಚಿಸಲು ಮಕ್ಕಳಿಗೆ 5–6 ಸೆಕೆಂಡ್ ಕೊಡಿ. ಅಂಕ ಬರೆಯಬೇಡಿ. ಎಲ್ಲರ ಕೈಗೂ ಚೆಂಡು ಬಂತಾ ಅಂತ ಮಾತ್ರ ನೋಡಿ.

ಇಳಿಯುವುದನ್ನು ಕಲಿಸುವುದು ಹೀಗೆ

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ನಿಯಮ ಹೀಗಿದೆ. ಚೆಂಡು ಹಿಡಿದು ಒಂದು ಕಾಲಲ್ಲಿ ಇಳಿದರೆ ಅದೇ ನಿಮ್ಮ ಇಳಿದ ಕಾಲು. ಇನ್ನೊಂದು ಕಾಲನ್ನು ಮುಂದಿಡಬಹುದು, ಅದರಿಂದ ಸುತ್ತ ತಿರುಗಬಹುದು. ಇಳಿದ ಕಾಲನ್ನು ಮೇಲೆತ್ತಬಹುದು. ಆದರೆ ಅದನ್ನು ಮತ್ತೆ ನೆಲಕ್ಕೆ ಇಡುವ ಮೊದಲು ಚೆಂಡು ಕೈ ಬಿಟ್ಟಿರಬೇಕು. ಎಳೆಯುವಂತಿಲ್ಲ, ಕುಂಟುವಂತಿಲ್ಲ. ಎರಡೂ ಕಾಲು ಒಟ್ಟಿಗೆ ಊರಿದರೆ ಯಾವುದನ್ನು ಬೇಕಾದರೂ ಇಳಿದ ಕಾಲು ಅಂತ ಆರಿಸಿಕೊಳ್ಳಬಹುದು. ಓಡಿ ಬರುವ ಹುಡುಗಿ ಎರಡು ಹೆಜ್ಜೆಯೊಳಗೆ ಪೂರ್ತಿ ನಿಲ್ಲಬೇಕು ಅಂದಾಯಿತು. ಆ ಬ್ರೇಕಿನ ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಮಂಡಿಯೊಳಗೆ ಎಲುಬುಗಳನ್ನು ಹಿಡಿದಿಡುವ ಎಸಿಎಲ್ ಅಸ್ಥಿರಜ್ಜು ಹರಿಯುವುದು ಈ ಆಟದಲ್ಲಿ ಎಲ್ಲರೂ ಹೆದರುವ ಗಾಯ. ಮೈ ಬೆಳೆದ ಮೇಲೆ ಹುಡುಗರಿಗಿಂತ ಹುಡುಗಿಯರಲ್ಲಿ ಇದು ಹೆಚ್ಚು. ಆಸ್ಟ್ರೇಲಿಯಾದ ನೆಟ್‌ಬಾಲ್ ಸಂಸ್ಥೆ ಮಂಡಿ ಉಳಿಸಲೆಂದೇ ಒಂದು ಅಭ್ಯಾಸಕ್ರಮ ರೂಪಿಸಿದೆ. ಅಲ್ಲಿ ಅದನ್ನು ಅಭ್ಯಾಸದ ಮೊದಲ ಭಾಗವಾಗಿಯೇ ಮಾಡಿಸುತ್ತಾರೆ.

ಮೊದಲು ಚೆಂಡು ಇಲ್ಲದೆ ಮಾಡಿಸಿ. ನಿಂತಲ್ಲೇ ಜಿಗಿದು ಎರಡು ಕಾಲಲ್ಲಿ ಇಳಿಯಲಿ. ಮಂಡಿ ಬಗ್ಗಿರಬೇಕು, ಸೊಂಟ ಹಿಂದಕ್ಕೆ ಹೋಗಿರಬೇಕು, ತಲೆ ಎತ್ತಿರಬೇಕು. ನೀವು ಎದುರಿಗೆ ಕೂತು ಮಂಡಿಯನ್ನೇ ನೋಡಿ. ಎರಡೂ ಮಂಡಿ ಒಳಕ್ಕೆ ವಾಲಿ ಒಂದಕ್ಕೊಂದು ಹತ್ತಿರ ಬಂದರೆ ಅದೇ ಅಪಾಯದ ಗುರುತು. ಮಂಡಿ ಕಾಲ್ಬೆರಳಿನ ನೇರಕ್ಕೆ ಇರಬೇಕು. ಕಿವಿಯೂ ತೆರೆದಿರಲಿ. ಧಪ್ ಅಂತ ಸದ್ದು ಬಂದರೆ ಮತ್ತೆ ಮಾಡಿಸಿ. ಫೋನಿನ ಸ್ಲೋ ಮೋಷನ್‌ನಲ್ಲಿ ತೆಗೆದು ಅವಳಿಗೇ ತೋರಿಸಿ. ನೂರು ಸಲ ಹೇಳಿದರೂ ತಲೆಗೆ ಹೋಗದ್ದು ಒಂದು ಸಲ ನೋಡಿದರೆ ಹೋಗುತ್ತದೆ.

ಇದು ಸರಿಯಾದ ಮೇಲೆ ಒಂಟಿ ಕಾಲು. ಆಮೇಲೆ ಓಡಿ ಬಂದು ಇಳಿಯುವುದು. ಆಮೇಲೆ ಚೆಂಡು ಹಿಡಿದು ಇಳಿಯುವುದು. ಕೊನೆಗೆ ಗಾಳಿಯಲ್ಲೇ ಅರ್ಧ ಸುತ್ತು ತಿರುಗಿ, ಇಳಿಯುವಾಗಲೇ ಮುಂದಿನ ಪಾಸ್ ಹುಡುಕುವುದು. ಒಂದೊಂದಕ್ಕೂ ತಿಂಗಳುಗಟ್ಟಲೆ ಹಿಡಿದರೂ ಪರವಾಗಿಲ್ಲ. ಪ್ರತಿ ಅಭ್ಯಾಸದ ಮೊದಲ 15 ನಿಮಿಷ ಇದಕ್ಕೇ ಮೀಸಲು. ದೊಡ್ಡವರಾದ ಮೇಲೂ ಬಿಡಬಾರದು.

10ರಿಂದ 13: ಎಲ್ಲರೂ ಎಲ್ಲ ಸ್ಥಾನದಲ್ಲಿ

ಈಗ ಐದೈದು ಜನರ ತಂಡ ಮಾಡಿ ಸಣ್ಣ ಅಂಕಣದಲ್ಲಿ ಆಡಿಸಿ. ಸ್ಥಾನಗಳನ್ನು ಸರದಿಯಂತೆ ಬದಲಿಸುತ್ತಿರಿ. ಎತ್ತರ ಇರುವ ಹುಡುಗಿಯನ್ನು ರಿಂಗ್ ಕೆಳಗೆ ನಿಲ್ಲಿಸಿದರೆ ತಾಲ್ಲೂಕು ಮಟ್ಟದಲ್ಲಿ ಗೆಲ್ಲಬಹುದು, ನಿಜ. ಆದರೆ ಅವಳು ಓಡಲು ಕಲಿಯುವುದಿಲ್ಲ, ಪಾಸ್ ಕಲಿಯುವುದಿಲ್ಲ. ಹದಿನೈದಕ್ಕೆ ಅವಳ ಎತ್ತರ ನಿಂತು ಉಳಿದವರು ಸರಿಸಮ ಬೆಳೆದಾಗ ಅವಳ ಕೈಯಲ್ಲಿ ಏನೂ ಉಳಿದಿರುವುದಿಲ್ಲ. 14 ತುಂಬುವ ತನಕ ಯಾರಿಗೂ ಒಂದೇ ಬಿಬ್ ಅಂಟಿಸಬೇಡಿ. ಸೋತರೆ ಸೋಲಲಿ.

ಥ್ರೋಬಾಲ್‌ನಿಂದ ಬರುವವರಿಗೆ ಒಳ್ಳೆಯ ಕೈ ಇರುತ್ತದೆ. 3 ಸೆಕೆಂಡಿನ ಲೆಕ್ಕ ಅವರಿಗೆ ಮೊದಲೇ ರೂಢಿ. ತೊಂದರೆ ಒಂದೇ. ನಿಂತಲ್ಲೇ ಕಾದು ಹಿಡಿಯುವುದು. ನೆಟ್‌ಬಾಲ್‌ನಲ್ಲಿ ಕಾದರೆ ಎದುರಿನವಳು ಬಂದು ಕಸಿದುಕೊಳ್ಳುತ್ತಾಳೆ. ಚೆಂಡಿನ ಕಡೆಗೆ ಓಡಿ ಹಿಡಿಯಬೇಕು. ಖೋ ಖೋ ಹುಡುಗಿಯರದು ಇದರ ಉಲ್ಟಾ. ಕಾಲು ಚುರುಕು, ದಿಕ್ಕು ತಪ್ಪಿಸುವುದು ಸಲೀಸು, ಚೆಂಡು ಮಾತ್ರ ಕೈಯಲ್ಲಿ ನಿಲ್ಲುವುದಿಲ್ಲ. ಇಬ್ಬರನ್ನೂ ಜೋಡಿ ಮಾಡಿ. ಒಬ್ಬರಿಂದ ಒಬ್ಬರು ಬೇಗ ಕಲಿಯುತ್ತಾರೆ.

ಬೇರೆ ಆಟದಿಂದ ಬಂದವರು ಮೇಲೆ ಬರುವುದಿಲ್ಲ ಅಂತೇನಿಲ್ಲ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತ ತಂಡದ ನಾಯಕಿಯಾಗಿದ್ದ ಪ್ರಾಚಿ ತೆಹ್ಲಾನ್ ಮೊದಲು ಬಾಸ್ಕೆಟ್‌ಬಾಲ್ ಆಡಿದವರು.

ಪಾಸ್‌ಗಳಲ್ಲಿ ಎದೆಯಿಂದ ಎಸೆಯುವುದು, ಭುಜದಿಂದ ಎಸೆಯುವುದು, ನೆಲಕ್ಕೆ ಒಮ್ಮೆ ಪುಟಿಸಿ ಕೊಡುವ ಬೌನ್ಸ್ ಪಾಸ್ ಮೂರೂ ಬರಬೇಕು. ಗೆಳತಿ ನಿಂತಿರುವ ಕಡೆ ಎಸೆಯದೆ, ಅವಳು ಓಡಿ ತಲುಪುವ ಜಾಗಕ್ಕೆ ಎಸೆಯುವುದನ್ನು ರೂಢಿ ಮಾಡಿಸಿ.

13ರಿಂದ 16: ಶೂಟಿಂಗ್, ರಕ್ಷಣೆ, ಬಲ

ಶೂಟಿಂಗ್‌ಗೆ ಈಗ ಸಮಯ ಕೊಡಿ. ಕಾಲು ಭುಜದಷ್ಟು ಅಗಲ, ಚೆಂಡು ತಲೆಯ ಮೇಲೆ, ಒಂದು ಕೈ ಕೆಳಗೆ, ಇನ್ನೊಂದು ಪಕ್ಕಕ್ಕೆ ಆಸರೆ. ಮಂಡಿ ಬಗ್ಗಿಸಿ ಏಳುವಾಗ ಮಣಿಕಟ್ಟು ಬಿಡಬೇಕು. ಹಲಗೆ ಇಲ್ಲದ ಕಾರಣ ಚೆಂಡು ಎತ್ತರಕ್ಕೆ ಹೋಗಿ ಮೇಲಿಂದ ಬೀಳಬೇಕು. ಚಪ್ಪಟೆಯಾಗಿ ಹೋದರೆ ರಿಂಗ್‌ಗೆ ಬಡಿದು ಹೊರಗೆ ಬರುತ್ತದೆ. ಕಂಬದಿಂದ ಒಂದು ಮೀಟರ್ ದೂರದಲ್ಲಿ ಶುರು ಮಾಡಿ. ಹತ್ತಕ್ಕೆ ಎಂಟು ಬಿದ್ದ ಮೇಲೆ ಒಂದು ಹೆಜ್ಜೆ ಹಿಂದಕ್ಕೆ. ಲೆಕ್ಕವನ್ನು ಹುಡುಗಿಯೇ ನೋಟ್‌ಬುಕ್‌ನಲ್ಲಿ ಬರೆಯಲಿ. ಅಂತರರಾಷ್ಟ್ರೀಯ ಮಟ್ಟದ ಒಳ್ಳೆಯ ಶೂಟರ್‌ಗಳು ನೂರಕ್ಕೆ 90ರ ಆಸುಪಾಸು ಹಾಕುತ್ತಾರೆ. 2018ರ ಕಾಮನ್‌ವೆಲ್ತ್ ಫೈನಲ್‌ನಲ್ಲಿ ಇಂಗ್ಲೆಂಡ್ ಆಸ್ಟ್ರೇಲಿಯಾವನ್ನು ಸೋಲಿಸಿದ್ದು 52–51ರಿಂದ. ಒಂದೇ ಒಂದು ಗೋಲು.

ರಕ್ಷಣೆಗೆ ಮುಖ್ಯ ಅಳತೆ 0.9 ಮೀಟರ್, ಅಂದರೆ ಮೂರಡಿ. ಚೆಂಡು ಹಿಡಿದವಳ ಇಳಿದ ಕಾಲಿನಿಂದ ಅಷ್ಟು ದೂರ ನಿಂತೇ ಕೈ ಚಾಚಬೇಕು. ಮೂರಡಿ ಕೋಲು ಇಟ್ಟು ಅಭ್ಯಾಸ ಮಾಡಿಸಿದರೆ ಅಂತರ ಕಾಲಿಗೇ ಗೊತ್ತಾಗುತ್ತದೆ.

ಬೆಳೆಯುವ ವಯಸ್ಸಿನಲ್ಲಿ ಮಂಡಿಚಿಪ್ಪಿನ ಕೆಳಗೆ ನೋವು ಅಂದರೆ ನಾಟಕ ಅಂತ ಬೈಯಬೇಡಿ. ಜಿಗಿತ ಕಡಿಮೆ ಮಾಡಿಸಿ, ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಬಸ್ಕಿ, ಒಂಟಿ ಕಾಲಿನ ಬಸ್ಕಿ, ಮೊಣಕೈ ಊರಿ ಮೈಯನ್ನು ಹಲಗೆಯಂತೆ ನೇರ ಹಿಡಿಯುವ ಪ್ಲ್ಯಾಂಕ್ ವಾರಕ್ಕೆ ಎರಡು ಸಲ ಸಾಕು. ಒಂದು ದಿನವಾದರೂ ಪೂರ್ತಿ ವಿಶ್ರಾಂತಿ ಇರಲೇಬೇಕು.

ಮನೆ, ಊಟ, ಬಿಸಿಲು

ನಮ್ಮ ಕಡೆ ಹುಡುಗಿಯರು ಆಟ ಬಿಡುವುದು ಎಂಟರಿಂದ ಹತ್ತನೇ ತರಗತಿಯ ನಡುವೆ. ‘ಸರ್, ಸಂಜಿಮುಂದ ತಡಾ ಆದ್ರ ಮಂದಿ ಮಾತಾಡ್ತಾರ್ರಿ’ ಅಂತ ತಾಯಿ ಹೇಳಿದರೆ ಅದು ನೆಪ ಅಲ್ಲ, ನಿಜವಾದ ಹೆದರಿಕೆ. ಅಭ್ಯಾಸವನ್ನು ಬೆಳಗ್ಗೆಗೆ ಹಾಕಿ. ಒಂದೇ ಓಣಿಯ ಹುಡುಗಿಯರು ಒಟ್ಟಿಗೆ ಬಂದು ಒಟ್ಟಿಗೆ ಹೋಗಲಿ. ಟ್ರ್ಯಾಕ್ ಪ್ಯಾಂಟ್ ಹಾಕಿ ಆಡಲು ಬಿಡಿ. ಮೈದಾನದಲ್ಲಿ ಒಬ್ಬ ಶಿಕ್ಷಕಿ ಇರಲಿ. ಮುಟ್ಟಿನ ದಿನ ಹೇಳಿಕೊಳ್ಳಲು ಒಬ್ಬರು ಬೇಕಲ್ವಾ? ಬಳೆ, ಕಾಲ್ಗೆಜ್ಜೆ, ಮೂಗುತಿ ಹಾಕಿ ಆಡುವಂತಿಲ್ಲ, ಉಗುರು ಗಿಡ್ಡ ಇರಬೇಕು ಎನ್ನುವ ನಿಯಮವನ್ನು ಮನೆಯವರಿಗೆ ಮೊದಲೇ ತಿಳಿಸಿ. ಹತ್ತನೇ ತರಗತಿ ಆದ ಕೂಡಲೇ ಮದುವೆ ಮಾತು ಬಂದರೆ ಸುಮ್ಮನಿರಬೇಡಿ. 18 ತುಂಬುವ ಮೊದಲು ಮದುವೆ ಮಾಡುವುದು ಅಪರಾಧ ಅಂತ ಹೇಳಿ, ಮುಖ್ಯ ಶಿಕ್ಷಕರನ್ನೂ ಕರೆದುಕೊಂಡು ಮನೆಗೆ ಹೋಗಿ.

ಊಟಕ್ಕೆ ದುಬಾರಿ ಪೌಡರ್ ಬೇಡ. ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಮೊಳಕೆ ಹೆಸರುಕಾಳು, ಶೇಂಗಾ ಹಿಂಡಿ, ಮೊಸರು. ತಿನ್ನುವವರಿಗೆ ಮೊಟ್ಟೆ. ರಕ್ತಹೀನತೆ ಇದ್ದರೆ ಎಷ್ಟು ಅಭ್ಯಾಸ ಮಾಡಿಸಿದರೂ ಹುಡುಗಿ ಬೇಗ ಸುಸ್ತಾಗುತ್ತಾಳೆ. ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್ ನೋಡಿಸಿ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ ಬಿಡದಿರಲಿ. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆಹಣ್ಣು ಹಿಂಡಿಕೊಂಡರೆ ಚೆನ್ನಾಗಿ ಹತ್ತುತ್ತದೆ.

ಏಪ್ರಿಲ್, ಮೇ ಬಂದರೆ ಇಲ್ಲಿ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ಬಾಗಿಲು ತೆರೆಯುತ್ತವೆ. ಅಭ್ಯಾಸ ಅದಕ್ಕೂ ಮೊದಲೇ ಮುಗಿಯಬೇಕು. ಉಪ್ಪು ಹಾಕಿದ ಮಜ್ಜಿಗೆಯ ಕೊಡ ಅಂಕಣದ ಪಕ್ಕದಲ್ಲೇ ಇರಲಿ. ತಲೆ ಸುತ್ತು, ವಾಂತಿ ಅಂದರೆ ಕೂಡಲೇ ನೆರಳಿಗೆ ಕರೆತಂದು ಮೈಗೆ ನೀರು ಹಾಕಿ.

16ರ ನಂತರ: ಆಯ್ಕೆಯ ದಾರಿ

ಈಗ ಸ್ಥಾನ ಗಟ್ಟಿಯಾಗಲಿ. ಜೊತೆಗೆ ಎರಡನೇ ಸ್ಥಾನವೂ ಒಂದು ಬರಬೇಕು. ಆಯ್ಕೆದಾರರಿಗೆ ಗೋಲ್ ಡಿಫೆನ್ಸ್, ವಿಂಗ್ ಡಿಫೆನ್ಸ್ ಎರಡೂ ಆಡುವ ಹುಡುಗಿ ಹೆಚ್ಚು ಉಪಯೋಗಕ್ಕೆ ಬರುತ್ತಾಳೆ. ವಾರಕ್ಕೆ ನಾಲ್ಕೈದು ದಿನ ಅಭ್ಯಾಸ, ಅದರಲ್ಲಿ ಎರಡು ದಿನ ಬಲದ ವ್ಯಾಯಾಮ. ಪಂದ್ಯವನ್ನು ಫೋನಿನಲ್ಲಿ ಚಿತ್ರೀಕರಿಸಿ ಕೂತು ನೋಡಿ. ಚೆಂಡು ಯಾಕೆ ಕಳೆದುಕೊಂಡೆ ಅಂತ ಅವಳೇ ಹೇಳಲಿ. ಕಾಲೇಜು ಹುಡುಗರ ಜೊತೆ ಅಭ್ಯಾಸ ಪಂದ್ಯ ಆಡಿಸಿದರೆ ವೇಗ ಏರುತ್ತದೆ. ನಿಯಮದಂತೆ ಮೈ ತಾಗುವಂತಿಲ್ಲ ಎಂಬುದನ್ನು ಅವರಿಗೆ ಮೊದಲೇ ಹೇಳಿ.

ಶಾಲೆಯವರು ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಹಂತ ಹಂತವಾಗಿ ಏರಬೇಕು. ವಿಭಾಗ ಮಟ್ಟದಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ, ವಿಜಯನಗರದವರೂ ಎದುರಾಗುತ್ತಾರೆ. ಆಧಾರ್, ಜನನ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರದಲ್ಲಿ ಹೆಸರು ಮತ್ತು ಹುಟ್ಟಿದ ತಾರೀಖು ಒಂದೇ ಥರ ಇದೆಯಾ ಅಂತ ಒಂದು ವರ್ಷ ಮೊದಲೇ ನೋಡಿಕೊಳ್ಳಿ. ಬೆಂಗಳೂರಿನಲ್ಲಿ ಆಯ್ಕೆ ಇದ್ದರೆ ರಾತ್ರಿ ರೈಲಿಳಿದು ನೇರ ಮೈದಾನಕ್ಕೆ ಕರೆದೊಯ್ಯಬೇಡಿ. ಒಂದು ದಿನ ಮೊದಲೇ ಹೋಗಿ ನಿದ್ದೆ ಮಾಡಿಸಿ. ಆ ಖರ್ಚನ್ನು ಶಾಲೆಯೋ ಹಳೆಯ ವಿದ್ಯಾರ್ಥಿಗಳೋ ಹೊತ್ತುಕೊಳ್ಳುವಂತೆ ಮಾತಾಡಿ ಇಟ್ಟಿರಿ.

ಆಯ್ಕೆಯಾಗದ ಹುಡುಗಿಯರಿಗೆ ಅಂಪೈರಿಂಗ್ ಕಲಿಸಿ. ಪ್ರತಿ ಪಂದ್ಯಕ್ಕೂ ಇಬ್ಬರು ಅಂಪೈರ್ ಬೇಕು, ನಮ್ಮ ಜಿಲ್ಲೆಗಳಲ್ಲಿ ನಿಯಮ ಗೊತ್ತಿರುವವರು ಕಡಿಮೆ. ಸಣ್ಣವರ ಶನಿವಾರದ ಪಂದ್ಯಗಳಿಗೆ ಅವರನ್ನೇ ನಿಲ್ಲಿಸಿ. ಇಳಿದ ಕಾಲು ಎಳೆದರೆ ವಿಸಿಲ್ ಊದಲಿ, ಯಾಕೆ ಊದಿದೆ ಅಂತ ಆ ಮಗುವಿಗೆ ಅಲ್ಲೇ ವಿವರಿಸಲಿ.