ಹಿತ್ತಲಿಗೆ ಬಂದ ಪುಟ್ಟ ಗಿಳಿ ನಮ್ಮೂರಿನದೋ, ಪಂಜರದ್ದೋ?

ಉಡುಪಿ, ಮಣಿಪಾಲದ ಕಡೆ ತೋಟದಲ್ಲಿ ಗುಬ್ಬಚ್ಚಿ ಗಾತ್ರದ ಹಸಿರು ಗಿಳಿ ಕಂಡರೆ ಹಿಡಿಯೋಕೆ ಓಡಬೇಡಿ. ಮೊದಲು ಬಾಲದ ಬುಡ ನೋಡಿ. ಅಲ್ಲಿ ಕೆಂಪು ಇದ್ದು, ಬಾಲ ಮೋಟಾಗಿ, ಕೊಕ್ಕೂ ಕೆಂಪಾಗಿ, ಹಾಲವಾಣದ ಹೂವಿಗೆ ಜೋತುಬಿದ್ದು ಮಕರಂದ ಹೀರುತ್ತಿದ್ದರೆ ಅದು ಇಲ್ಲಿಯದೇ ಹಕ್ಕಿ, ಇಂಗ್ಲಿಷಿನಲ್ಲಿ ವರ್ನಲ್ ಹ್ಯಾಂಗಿಂಗ್ ಪ್ಯಾರಟ್. ನಿದ್ದೆ ಮಾಡುವುದೂ ತಲೆಕೆಳಗಾಗಿಯೇ! 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನು ಹಿಡಿಯುವುದು, ಸಾಕುವುದು ಅಪರಾಧ.

ಬಾಲದ ಬುಡ ನೀಲಿ, ಮುಖ ಗುಲಾಬಿ, ಕೊಕ್ಕು ದಪ್ಪ, ಕೊಕ್ಕಿನ ಬಣ್ಣ ದಂತದಂತೆ ತಿಳಿ ಅಂದ್ರೆ ಅದು ಲವ್‌ಬರ್ಡ್. ಯಾರದೋ ಪಂಜರದಿಂದ ಹಾರಿ ಬಂದದ್ದು. ಇವತ್ತೇ ಹಿಡಿಯಬೇಕು, ಕಾಗೆಗಳು ಬಿಡಲ್ಲ. ಬಾಗಿಲು ತೆರೆದ ಪಂಜರದಲ್ಲಿ ನವಣೆ, ನೀರು ಇಟ್ಟು ತಾರಸಿಯಲ್ಲಿಡಿ. ಅದರ ಜೊತೆಗಾರ ಹಕ್ಕಿ ಇನ್ನೊಂದು ಪಂಜರದಲ್ಲಿ ಪಕ್ಕದಲ್ಲೇ ಕೂಗುತ್ತಿದ್ದರೆ ಇಳಿದು ಬರುವ ಸಾಧ್ಯತೆ ಜಾಸ್ತಿ. ಅಟ್ಟಿಸಿಕೊಂಡು ಹೋದರೆ ಇನ್ನೂ ದೂರ ಹಾರುತ್ತದೆ.

ಸಾಕಲು ಆಗದಿದ್ದರೆ ದಯವಿಟ್ಟು ಸುಮ್ನೆ ಹಾರಿಬಿಡಬೇಡಿ. ಇದರ ಮೂಲ ನೈಋತ್ಯ ಆಫ್ರಿಕಾದ ಒಣ ಸೀಮೆ, ನಮ್ಮ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಪಾಡು ಊಹಿಸಿ. ಬದುಕಿಕೊಂಡರೂ ನಮ್ಮ ಹಕ್ಕಿಗಳಿಗೆ ಕಷ್ಟವೇ. ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ನಗರದ ಸುತ್ತ ತಪ್ಪಿಸಿಕೊಂಡ ಲವ್‌ಬರ್ಡ್‌ಗಳು 1980ರ ದಶಕದಿಂದ ಕಾಡುಹಕ್ಕಿಗಳಂತೆ ಬೆಳೆದಿವೆ, ಬೇಸಿಗೆಯಲ್ಲಿ ಕಟ್ಟಡಗಳ ಎಸಿ ಗಾಳಿ ಬರುವ ಕಿಂಡಿ ಹುಡುಕಿ ಕೂರುತ್ತವೆ. ಗೂಡು ಕಟ್ಟಲು ಹೆಣ್ಣು ಲವ್‌ಬರ್ಡ್ ಎಲೆಯನ್ನೋ ತೊಗಟೆಯನ್ನೋ ಕೊಕ್ಕಿನಿಂದ ಉದ್ದುದ್ದ ಸೀಳಿ, ಬಾಲದ ಬುಡದ ಗರಿಗಳಿಗೆ ಸಿಕ್ಕಿಸಿಕೊಂಡು ಪೊಟರೆಗೆ ಒಯ್ಯುತ್ತದೆ. ಆ ಪೊಟರೆ ನಮ್ಮ ಗಿಳಿಗೂ ಬೇಕಲ್ವಾ? ಸಾಕುವವರನ್ನು ಹುಡುಕಿ ಕೈಗೇ ಕೊಡಿ.