ಬಾಜೂ ಮನಿ ವೈಫೈ ಜೋಡಿ ಜಗಳ ಇಲ್ಲದ ಚಾನೆಲ್ ಇಟ್ಕೊಳ್ಳೋದು ಹೆಂಗ

ಕಲಬುರಗಿಯೊಳಗ ಸೇಡಂ ರೋಡ್ ಕಡಿ ಪಿಜಿಯಾಗ ಇರೋರದು, ಜೇವರ್ಗಿ ಕಾಲೋನಿ ಅಪಾರ್ಟ್‌ಮೆಂಟಿನಾಗ ಇರೋರದು ಎಲ್ಲಾರದೂ ಒಂದೇ ಗೋಳು, 100 ಎಂಬಿಪಿಎಸ್ ಪ್ಲಾನ್ ಹಾಕ್ಸೀವಿ ಆದ್ರೂ ರಾತ್ರಿ ಆತಂದ್ರ ವಿಡಿಯೋ ತಿರುಗಿ ತಿರುಗಿ ನಿಂತೇ ಬಿಡ್ತದ ಅಂತ. ದೊಡ್ಡ ಪ್ಲಾನಿಗೆ ರೊಕ್ಕ ಹಾಕೋಕಿಂತ ಮೊದಲ ರೂಟರಿನಿಂದ ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಹಚ್ಚಿ ಸ್ಪೀಡ್ ನೋಡ್ರಿ. ಕೇಬಲ್‌ನಾಗ ಪೂರಾ ಸ್ಪೀಡ್ ಬರ್ತಿದ್ರ ಲೈನ್ ಛಲೋ ಅದ, ತೊಂದ್ರಿ ಇರೋದು ವೈಫೈನಾಗ.

ಆಮ್ಯಾಲ ಆಂಡ್ರಾಯ್ಡ್ ಫೋನಿನಾಗ ವೈಫೈ ಅನಲೈಜರ್ ಥರದ್ದು ಒಂದು ಆ್ಯಪ್ ಹಾಕ್ಕೊಳ್ರಿ. ಸುತ್ತಮುತ್ತ ಯಾರ ವೈಫೈ ಯಾವ ಚಾನೆಲ್ (ವೈಫೈ ಓಡೋ ರೇಡಿಯೋ ದಾರಿ) ಮ್ಯಾಲ ಅದ, ಎಷ್ಟು ಜೋರದ ಎಲ್ಲಾ ತೋರಿಸ್ತದ. ಜೋರು ಡಿಬಿಎಂ ಲೆಕ್ಕದಾಗ ಇರ್ತದ, -40 ಅಂದ್ರ ಭಾಳ ಜೋರು, -85 ಅಂದ್ರ ಇದ್ದೂ ಇಲ್ಲದಂಗ. ಹಗಲಿಗೆ ಬ್ಯಾಡ, ರಾತ್ರಿ ಎಲ್ಲಾರೂ ಮನ್ಯಾಗ ಇದ್ದಾಗ ನೋಡ್ರಿ.

ವೈಫೈ ಓಡೋ ರೇಡಿಯೋ ಪಟ್ಟಿಯೊಳಗ ಒಂದು 2.4 ಗಿಗಾಹರ್ಟ್ಸ್, ಅದರಾಗ ನಮ್ಮ ದೇಶದಾಗ ಹೆಸರಿಗೆ 13 ಚಾನೆಲ್ ಅವ, ಆದ್ರ ಒಂದರಿಂದ ಇನ್ನೊಂದಕ್ಕ ಅಂತರ 5 ಮೆಗಾಹರ್ಟ್ಸ್ ಅಷ್ಟೇ, ಒಂದು ವೈಫೈ ಹಿಡಿಯೋ ಜಾಗಾ 20 ಮೆಗಾಹರ್ಟ್ಸ್. ಅದಕ್ಕ ಒಂದರ ಮ್ಯಾಲ ಒಂದು ಬೀಳದಂಗ ಇಡಬೇಕಂದ್ರ ಭಾಳ ಮಾಡಿ ಬಳಸೋದು 1, 6, 11 ಈ ಮೂರು. ಇಲ್ಲೇ ಭಾಳ ಮಂದಿ ತಪ್ಪೋದು, ಮೂರೂ ತುಂಬ್ಯಾವ, 3 ಖಾಲಿ ಅದಲ್ಲ ಅಂತ ಅಲ್ಲಿ ಹೋಗಿ ಕೂಡ್ತಾರ. ಹಂಗ ಮಾಡಬ್ಯಾಡ್ರಿ. ಒಂದೇ ಚಾನೆಲ್‌ನಾಗ ಇದ್ದ ರೂಟರುಗಳಿಗೆ ಒಬ್ರ ಮಾತು ಒಬ್ರಿಗೆ ಕೇಳಿಸ್ತದ, ಒಂದು ಕಳಿಸೋ ತನಕ ಇನ್ನೊಂದು ತಡೀತದ, ಸರದಿ ಮ್ಯಾಲ ಕೆಲಸ ನಡೀತದ. 3ರ ಮ್ಯಾಲ ಕೂತ್ರ 1ರವರದೂ 6ರವರದೂ ನಿಮಗ ಬರೇ ಗದ್ದಲ, ಪ್ಯಾಕೆಟ್ (ಡೇಟಾದ ತುಣುಕು) ಕೆಡ್ತಾವ, ಮತ್ತ ಮತ್ತ ಕಳಿಸಬೇಕಾಗ್ತದ, ನಿಮಗೂ ಸುಖ ಇಲ್ಲ ಆ ಕಡಿ ಈ ಕಡಿಯವರಿಗೂ ಇಲ್ಲ. ಮೂರರೊಳಗ ಯಾವುದರ ಮ್ಯಾಲ ಮಂದಿ ಸಿಗ್ನಲ್ ಕಡಿಮಿ ಜೋರದ ಅದನ್ನೇ ಆರಿಸ್ರಿ.

ಬ್ರೌಸರಿನಾಗ 192.168.1.1 ಇಲ್ಲಾ 192.168.0.1 ಹೊಡದು ಲಾಗಿನ್ ಆಗ್ರಿ, ವಿಳಾಸ ರೂಟರಿನ ತಳದಾಗ ಬರದಿರ್ತದ. ವೈರ್‌ಲೆಸ್ ಸೆಟ್ಟಿಂಗ್‌ನಾಗ ಚಾನೆಲ್ ಆಟೋ ತಗದು ನಂಬರ್ ಹಾಕ್ರಿ, ವಿಡ್ತ್ (ಚಾನೆಲ್ ಹಿಡಿಯೋ ಜಾಗಾ) 20 ಮೆಗಾಹರ್ಟ್ಸ್ ಇಡ್ರಿ, 2.4ನಾಗ 40 ಇಟ್ರ ಓಣಿ ಮಂದಿಗೆಲ್ಲಾ ತ್ರಾಸ. ಆಟೋ ಯಾಕ ಬ್ಯಾಡಂದ್ರ ಭಾಳಷ್ಟು ರೂಟರ್ ಚಾಲೂ ಆಗೋ ಹೊತ್ತಿಗೆ ಮಾತ್ರ ಚಾನೆಲ್ ಆರಿಸ್ತಾವ, ನಮ್ಮಲ್ಲಿ ಕರೆಂಟ್ ಹೋಗಿ ಬಂತಂದ್ರ ಇಡೀ ಬಿಲ್ಡಿಂಗಿನವು ಒಮ್ಮೆಲೇ ಚಾಲೂ ಆಗ್ತಾವ, ಇನ್ನೊಂದು ಎಲ್ಲಿ ಕೂಡ್ತದ ಅಂತ ಯಾವುದಕ್ಕೂ ಗೊತ್ತಿರಂಗಿಲ್ಲ. ಪಿಜಿ ಮಾಲಕರು ಮೂರು ಮಾಳಿಗಿಗೆ ಮೂರು ರೂಟರ್ ಇಟ್ಟಿದ್ರ ಕೆಳಗಿಂದ 1, 6, 11 ಅಂತ ಹಂಚಿಬಿಡ್ರಿ.

ಬ್ಯಾಸಗಿ ಬಂತಂದ್ರ ತಗಡಿನ ಕೂಲರ್ ಕಿಡಕಿಗೆ ಬರ್ತದ, ರೂಟರ್ ಅದರ ಹಿಂದ ಉಳದಿರ್ತದ. ತಗಡು ಸಿಗ್ನಲ್ ತಡೀತದ, ಒಳಗಿನ ನೀರು ಸಿಗ್ನಲನ್ನ ಹೀರತದ. ಹಳೇ ಮನಿ ದಪ್ಪ ಕಲ್ಲಿನ ಗ್ವಾಡಿನೂ ಹಂಗೇ. ರೂಟರ್ ಎತ್ತರಕ್ಕ, ಮನಿ ನಡುವ ಇಡ್ರಿ, ಮೈಕ್ರೋವೇವಿನಿಂದ ದೂರ, ಅದೂ 2.4ರ ಸುತ್ತಲೇ ಕೆಲಸ ಮಾಡ್ತದ.

ಫೋನ್, ಟಿವಿ 5 ಗಿಗಾಹರ್ಟ್ಸ್ ಪಟ್ಟಿ ಹಿಡೀತಾವಂದ್ರ ಅವನ್ನ ಅಲ್ಲಿಗೆ ಹಾಕ್ರಿ, ಚಾನೆಲ್ ಭಾಳ ಅವ, ಗ್ವಾಡಿ ದಾಟೋ ತಾಕತ್ತು ಮಾತ್ರ ಕಡಿಮಿ. ಗದ್ದಲ ಇದ್ದಲ್ಲಿ ವಿಡ್ತ್ 80ರ ಬದಲಿ 40 ಸಾಕು. 52ರಿಂದ 144ರ ತನಕದ ಚಾನೆಲ್‌ನಾಗ ರೇಡಾರ್ ಸಿಗ್ನಲ್ ಬಂದ್ರ ರೂಟರ್ ಜಾಗಾ ಬಿಟ್ಟು ಕೊಡಲೇಬೇಕು, ಅಲ್ಲಿ ಹೊಸದಾಗಿ ಕೂಡಬೇಕಂದ್ರೂ ಕಮ್ಮೀತ್ಕಮ್ಮಿ 60 ಸೆಕೆಂಡ್ ಸುಮ್ನ ಕೇಳಿಸ್ಕೊಂಡು ಕೂಡಬೇಕು. ಬೀದರದಾಗ ವಾಯುಪಡೆ ನೆಲೆ ಹತ್ರ ಇದ್ದವರ 5 ಗಿಗಾಹರ್ಟ್ಸ್ ಆಗಾಗ ಮಾಯ ಆಗಿ ಬರ್ತಿದ್ರ ಮೊದಲ ಇದನ್ನ ನೋಡ್ರಿ, 36ರಿಂದ 48 ಇಲ್ಲಾ 149ರಿಂದ 161ರೊಳಗ ಒಂದಕ್ಕ ಹಾಕ್ರಿ.